ಲಿಂಗತ್ವ ಅಲ್ಪಸಂಖ್ಯಾತರಿಗೆ ಅಂತ ಸರ್ಕಾರಿ ಶಿಬಿರ ಇಟ್ಟೆವು, ಜನ ಬರಲಿಲ್ಲ. ಯಾಕೆ?

ಕಡತದ_ಧೂಳು · 12 ಆಗಸ್ಟ್ 2025

ನಾನು ಕಂದಾಯ ಇಲಾಖೆಯಲ್ಲಿ ಕೆಳಗಿನ ಹಂತದ ನೌಕರ. ಊರು, ಹೆಸರು ಕೇಳಬೇಡಿ. ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಒಂದು ದಿನದ ಶಿಬಿರ ಇಟ್ಟಿದ್ದೆವು. ಗುರುತಿನ ಚೀಟಿ ಅರ್ಜಿ, ಮೈತ್ರಿ ಪಿಂಚಣಿ, ಪಡಿತರ ಚೀಟಿ, ಗೃಹಲಕ್ಷ್ಮಿ, ಆಧಾರ್ ತಿದ್ದುಪಡಿ, ಎಲ್ಲ ಒಂದೇ ಕಡೆ. ಶಾಮಿಯಾನ, ಬ್ಯಾನರ್, ಮೈಕ್, ಊಟ. ಮೇಲಿನ ಸಾಹೇಬರು ಬಂದು ಭಾಷಣ ಮಾಡಿದರು. ಬಂದ ಜನ ಮಾತ್ರ ಬೆರಳೆಣಿಕೆ. ಅವರಲ್ಲೂ ಅರ್ಧ ಮಂದಿ ಊಟ ಮುಗಿಸಿ ಅರ್ಜಿ ಕೊಡದೆ ಹೋದರು.

ಈಗ ಇನ್ನೊಮ್ಮೆ ಮಾಡಿ ಅಂತ ಸೂಚನೆ ಬಂದಿದೆ. "ಅವರಿಗೇ ಬೇಡ ಅಂದಮೇಲೆ ನಾವೇನು ಮಾಡೋಣ" ಅನ್ನುವವರೂ ನಮ್ಮಲ್ಲಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 'ಇತರೆ' ಅಂತ ಬರೆಸಿದವರು 20 ಸಾವಿರ ದಾಟಿದ್ದರು. ಬರೆಸದವರು ಇನ್ನೆಷ್ಟೋ. ಜನ ಇದ್ದಾರೆ, ನಮ್ಮ ಬಾಗಿಲಿಗೆ ಬರುತ್ತಿಲ್ಲ. ಗೊತ್ತಿರುವವರು ನೇರವಾಗಿ ಹೇಳಿ. ಬೈದರೂ ಪರವಾಗಿಲ್ಲ.

ಮಲ್ಲಿಗೆ_ಮೊಳ · 12 ಆಗಸ್ಟ್

ಫೋಟೋ ತೆಗೆದಿರಾ?

ಕಡತದ_ಧೂಳು · 12 ಆಗಸ್ಟ್

ತೆಗೆದೆವು. ವರದಿಗೆ ಬೇಕಲ್ಲ.

ಮಲ್ಲಿಗೆ_ಮೊಳ · 12 ಆಗಸ್ಟ್

ಉತ್ತರ ಸಿಕ್ಕಿತಲ್ವಾ? ನಾನು ಟ್ರಾನ್ಸ್ ಮಹಿಳೆ. ಇಂಥ ಶಿಬಿರಗಳಿಗೆ ಹೋಗಿದ್ದೇನೆ. ಬಾಗಿಲಲ್ಲೇ ಒಬ್ಬರು ಮೊಬೈಲ್ ಹಿಡಿದು ನಿಂತಿರುತ್ತಾರೆ. ಅರ್ಜಿ ಕೊಡುವಾಗ ಒಂದು ಫೋಟೋ, ಸಾಹೇಬರ ಪಕ್ಕ ಒಂದು, ಊಟದ ತಟ್ಟೆ ಹಿಡಿದಾಗ ಇನ್ನೊಂದು. ಸಂಜೆಯೊಳಗೆ ಅದು ವಾಟ್ಸಾಪ್ ಗ್ರೂಪುಗಳಲ್ಲಿ. ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ. ನಮ್ಮಲ್ಲಿ ಎಷ್ಟೋ ಜನ ಊರಿನಲ್ಲಿ ಪ್ಯಾಂಟು ಶರ್ಟು ಹಾಕಿಕೊಂಡು ಅಣ್ಣ, ಮಗ ಅನ್ನಿಸಿಕೊಂಡು ಬದುಕುತ್ತಿದ್ದಾರೆ. ಮನೆಯವರಿಗೆ ಗೊತ್ತಿಲ್ಲ. ಪಿಂಚಣಿ ಆಸೆಗೆ ಬಾಡಿಗೆ ಮನೆ ಕಳೆದುಕೊಳ್ಳಲು ಯಾರು ಬರುತ್ತಾರೆ?

ಬಂದವರು ಅರ್ಜಿ ಕೊಡದೆ ಹೋದದ್ದು ಮೈಕಿನಲ್ಲಿ ಹೆಸರು ಕೂಗಿದ್ದಕ್ಕೇ ಇರಬೇಕು. ಯಾವ ಹೆಸರು ಕೂಗಿದಿರಿ? ಆಧಾರ್‌ನಲ್ಲಿರುವ ಹಳೆಯ ಹೆಸರು ತಾನೇ?

ಬೂದು_ಬೆಕ್ಕು · 12 ಆಗಸ್ಟ್

ಮೈಕಿನಲ್ಲಿ ಹಳೆಯ ಹೆಸರು... ಅಯ್ಯೋ.

ಸಾಮಾನ್ಯ_ನಾಗರಿಕ · 12 ಆಗಸ್ಟ್

ಒಂದು ಪ್ರಶ್ನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ವಿಶೇಷ ಉಪಚಾರ ಯಾಕೆ? ನಾವೂ ಸಾಲಿನಲ್ಲಿ ನಿಲ್ಲುತ್ತೇವೆ, ನಮ್ಮನ್ನೂ ನಾಳೆ ಬಾ ಅಂತ ಅಲೆಸುತ್ತಾರೆ. ಸಕಾಲ ಕಾಯ್ದೆ 2011ರದ್ದು. ನನ್ನ ಖಾತಾ ಬದಲಾವಣೆ ಮಾತ್ರ ಇನ್ನೂ ಆಗಿಲ್ಲ. ಸರ್ಕಾರಿ ಕಚೇರಿ ಎಲ್ಲರಿಗೂ ಒಂದೇ ರೀತಿ ಕಷ್ಟ ಕೊಡುತ್ತದೆ.

ತುಂಗೆಯ_ದಡ · 12 ಆಗಸ್ಟ್

ಖಾತಾ ವಿಚಾರದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆದರೆ ಸಾಲಿನಲ್ಲಿ ನಿಂತಾಗ "ನೀನು ಗಂಡಸರ ಸಾಲಿಗೆ ಹೋಗು" ಅಂತ ಯಾರಾದರೂ ನಿಮ್ಮ ಭುಜ ತಳ್ಳಿದ್ದಾರಾ? ಹಿಂದಿನವರು ಕಿಸಕ್ಕನೆ ನಕ್ಕಿದ್ದಾರಾ? ನಿಮಗೆ ಕೆಲಸ ತಡವಾಗುತ್ತದೆ. ಕೆಲವರಿಗೆ ಕೆಲಸದ ಮಾತು ಶುರುವಾಗುವ ಮೊದಲೇ ಅವಮಾನ ಆಗಿರುತ್ತದೆ.

ಸಾಮಾನ್ಯ_ನಾಗರಿಕ · 12 ಆಗಸ್ಟ್

ಅದಕ್ಕೆ ಸಿಬ್ಬಂದಿಗೆ ಬುದ್ಧಿ ಹೇಳಬೇಕು. ಪ್ರತ್ಯೇಕ ಶಾಮಿಯಾನ ಯಾಕೆ ಅನ್ನುವುದು ನನ್ನ ಪ್ರಶ್ನೆ.

ಮಲ್ಲಿಗೆ_ಮೊಳ · 12 ಆಗಸ್ಟ್

ಶಾಮಿಯಾನ ನಾವು ಕೇಳಿಲ್ಲ ಸ್ವಾಮಿ! ಇದೊಂದರಲ್ಲಿ ನಾನು, ನೀವು ಒಂದೇ ಪಕ್ಷ.

ಕಪ್ಪುಕೋಟು · 12 ಆಗಸ್ಟ್

ವಕೀಲಳಾಗಿ ಸ್ವಲ್ಪ ಕಾನೂನಿನ ಕಡೆಯಿಂದ ಹೇಳುತ್ತೇನೆ. ಎಷ್ಟೋ ಕಚೇರಿಗಳಲ್ಲಿ ಇದು ಗೊತ್ತೇ ಇಲ್ಲ.

2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂತ ಒಪ್ಪಿತು. ಆಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ, 2020ರ ನಿಯಮಗಳು ಬಂದವು. ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಜೊತೆಗೆ ಒಂದು ಅಫಿಡವಿಟ್ ಬೇಕು. 2020ರ ನಿಯಮಗಳ ಪ್ರಕಾರ ಸೆಕ್ಷನ್ 6ರ ಈ ಪ್ರಮಾಣಪತ್ರಕ್ಕೆ ಯಾವ ದೈಹಿಕ ತಪಾಸಣೆಯೂ ಇಲ್ಲ. 30 ದಿನದೊಳಗೆ ಕೊಡಬೇಕು. ಅದನ್ನು ಇಟ್ಟುಕೊಂಡು ಬೇರೆ ದಾಖಲೆಯ ತಿದ್ದುಪಡಿ ಕೇಳಿದರೆ ಆ ಇಲಾಖೆ 15 ದಿನದೊಳಗೆ ಹೆಸರು, ಲಿಂಗ, ಫೋಟೋ ಬದಲಾಯಿಸಿ ಕೊಡಬೇಕು.

ಈಗ ನಿಜ ಹೇಳಿ, ನಿಮ್ಮ ಕಚೇರಿಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ನನ್ನ ಕಕ್ಷಿದಾರರೊಬ್ಬರನ್ನು ಒಂದು ಕಚೇರಿಯಲ್ಲಿ "ಡಾಕ್ಟರ್ ಸರ್ಟಿಫಿಕೇಟ್ ತಾ" ಅಂತ ವಾಪಸ್ ಕಳಿಸಿದ್ದರು. ಆಸ್ಪತ್ರೆಯವರು "ಕಲೆಕ್ಟರ್ ಪತ್ರ ತಾ" ಅಂದರು. ಹೀಗೇ ಸುತ್ತಿಸಿದರೆ ಶಿಬಿರಕ್ಕೆ ಯಾರು ಬರುತ್ತಾರೆ ಹೇಳಿ.

ಕಡತದ_ಧೂಳು · 12 ಆಗಸ್ಟ್

15 ದಿನದ ವಿಷಯ ನಮ್ಮ ಟೇಬಲ್‌ಗೆ ಬಂದೇ ಇಲ್ಲ ಮೇಡಂ. ಸುತ್ತೋಲೆ ಬಂದರೂ ಫೈಲಿನಲ್ಲಿ ಕೂತಿರುತ್ತದೆ. ಕೌಂಟರಿನಲ್ಲಿ ಕೂರುವ ಡೇಟಾ ಎಂಟ್ರಿ ಹುಡುಗ ಹೊರಗುತ್ತಿಗೆಯವನು. ಅವನಿಗೆ ಸುತ್ತೋಲೆ ತೋರಿಸುವವರು ಯಾರು?

ಅಪ್ಪ_ಎನ್ನುವವನು · 12 ಆಗಸ್ಟ್

ನನ್ನ ಮಗನ ಕತೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದೆವು. ಹೈಸ್ಕೂಲಿಗೆ ಬರುವಾಗ ಅವನೇ ನಮ್ಮ ಮುಂದೆ ಕೂತು ಹೇಳಿದ. ಹೆಂಡತಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನಾನು ಏನೂ ಅರ್ಥ ಆಗದೆ ಸುಮ್ನೆ ಇದ್ದೆ. ಈಗ ಮನೆಯಲ್ಲಿ ಎಲ್ಲ ಸರಿ ಇದೆ, ಅಜ್ಜಿಯೇ ಅವನನ್ನು "ಮೊಮ್ಮಗ" ಅಂತ ಕರೆಯುತ್ತಾರೆ.

ಕಷ್ಟ ಶುರುವಾಗಿದ್ದು ಕಾಗದದ ಜೊತೆ. ಮೈನರ್ ಆಗಿದ್ದರೆ ತಂದೆ ತಾಯಿ ಅರ್ಜಿ ಹಾಕಬಹುದು ಅಂತ 2019ರ ಕಾಯ್ದೆಯಲ್ಲೇ ಇದೆ. ಆದರೆ ನಾನು ಹೋದ ಕಚೇರಿಯ ಸಿಬ್ಬಂದಿ "ಮಗು ದೊಡ್ಡದಾಗಲಿ ಬಿಡಿ ಸಾರ್, ಮನಸ್ಸು ಬದಲಾಗಬಹುದು" ಅಂತ ಉಪದೇಶ ಮಾಡಿದರು. ನಾನು ಕೇಳಿದ್ದು ಅರ್ಜಿ ನಮೂನೆ, ಅವರ ಅಭಿಪ್ರಾಯ ಅಲ್ಲ. ಶಾಲೆಯಲ್ಲಿ ಹೆಡ್‌ಮಾಸ್ಟರ್ ಒಳ್ಳೆಯವರು, ಹಾಜರಿ ಕರೆಯುವಾಗ ಅವನು ಹೇಳಿದ ಹೆಸರನ್ನೇ ಕರೆಯಿರಿ ಅಂತ ಎಲ್ಲ ಶಿಕ್ಷಕರಿಗೆ ಹೇಳಿದರು. ಅದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ, ಒಂದು ಪೈಸೆ ಖರ್ಚೂ ಆಗಲಿಲ್ಲ. ಆದರೆ ಹತ್ತನೇ ತರಗತಿ ಪರೀಕ್ಷೆಯ ನೋಂದಣಿ ಬಂದಾಗ ಅವರೂ ಕೈಚೆಲ್ಲಿದರು. ಜನನ ಪ್ರಮಾಣಪತ್ರದಲ್ಲಿ ಇರುವುದೇ ಬರಬೇಕಂತೆ.

ಪರೀಕ್ಷೆ ಹಾಲ್‌ನಲ್ಲಿ ಹಾಲ್ ಟಿಕೆಟ್ ಹಿಡಿದು ಮೇಲ್ವಿಚಾರಕರು ಅವನ ಮುಖ ನೋಡಿದರು, ಚೀಟಿ ನೋಡಿದರು, ಮತ್ತೆ ಮುಖ ನೋಡಿದರು. ಗಣಿತದ ಪರೀಕ್ಷೆ. ಅವನಿಗೆ ಗಣಿತ ಅಂದರೆ ಪ್ರಾಣ. ಆ ದಿನ ಮೊದಲ ಅರ್ಧ ಗಂಟೆ ಕೈ ನಡುಗಿ ಬರೆಯಲಾಗಲಿಲ್ಲ ಅಂದ.

ಕಪ್ಪುಕೋಟು · 12 ಆಗಸ್ಟ್

ಸಾರ್, ಜನನ ಪ್ರಮಾಣಪತ್ರದ ಬಗ್ಗೆ ನಮ್ಮ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಒಂದು ಒಳ್ಳೆಯ ಆದೇಶ ಕೊಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇರುವುದು ತಪ್ಪು ತಿದ್ದುವ ಅವಕಾಶ ಮಾತ್ರ ಅಂತ ರಿಜಿಸ್ಟ್ರಾರ್ ಅರ್ಜಿ ತಳ್ಳಿಹಾಕಿದ್ದರು. ಕಾಯ್ದೆ ತಿದ್ದುಪಡಿ ಆಗುವವರೆಗೆ ಹಳೆಯ ಮತ್ತು ಹೊಸ ವಿವರ ಎರಡನ್ನೂ ತೋರಿಸಿ ಪರಿಷ್ಕೃತ ಪ್ರಮಾಣಪತ್ರ ಕೊಡಿ ಅಂತ ಕೋರ್ಟ್ ಹೇಳಿತು. ನಿಮ್ಮ ವಕೀಲರ ಜೊತೆ ಈ ಆದೇಶದ ಪ್ರತಿ ಹಿಡಿದು ಹೋಗಿ.

ಒಂದು ತೊಡಕು ಇದೆ. 2019ರ ಕಾಯ್ದೆಯ ಸೆಕ್ಷನ್ 6ರಲ್ಲಿ ಸಿಗುವುದು 'ಟ್ರಾನ್ಸ್‌ಜೆಂಡರ್' ಅನ್ನುವ ಗುರುತು. ಗಂಡು ಅಥವಾ ಹೆಣ್ಣು ಅಂತ ಬೇಕಾದರೆ ಸೆಕ್ಷನ್ 7, ಅದಕ್ಕೆ ಶಸ್ತ್ರಚಿಕಿತ್ಸೆ ಆದ ಬಗ್ಗೆ ವೈದ್ಯಾಧಿಕಾರಿಯ ಪತ್ರ ಬೇಕು. ನಾಲ್ಸಾ ಹೇಳಿದ್ದಕ್ಕೆ ಇದು ವಿರುದ್ಧ ಅಂತ ಸಮುದಾಯದವರು ಮೊದಲಿನಿಂದಲೂ ಆಕ್ಷೇಪಿಸುತ್ತಿದ್ದಾರೆ. ನನ್ನ ಅಭಿಪ್ರಾಯವೂ ಅದೇ.

ಅಪ್ಪ_ಎನ್ನುವವನು · 12 ಆಗಸ್ಟ್

ಥ್ಯಾಂಕ್ಸ್ ಮೇಡಂ. ಪಾಸಾದ ಬಿಡಿ, ಗಣಿತದಲ್ಲೂ ಒಳ್ಳೆಯ ಅಂಕ.

ಕೋಡುಬಳೆ · 12 ಆಗಸ್ಟ್

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ರಾತ್ರಿ_ಪಾಳಿ · 13 ಆಗಸ್ಟ್

ಎಲ್ಲರೂ ಟ್ರಾನ್ಸ್ ಜನರ ಬಗ್ಗೆ ಮಾತ್ರ ಮಾತಾಡುತ್ತಿದ್ದೀರಿ. ಬೇಕಾದದ್ದೇ, ಅವರಿಗೇ ಹೊಡೆತ ಜಾಸ್ತಿ. ಆದರೆ ನಾನು ಗೇ. ನನಗೆ ಯಾವ ಗುರುತಿನ ಚೀಟಿಯೂ ಇಲ್ಲ, ಬೇಕಾಗಿಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ನಾನು ಅವಿವಾಹಿತ ಗಂಡಸು. ಅಷ್ಟೇ.

ಹೋದ ವರ್ಷ ನನ್ನ ಸಂಗಾತಿಗೆ ಬೈಕ್ ಅಪಘಾತ ಆಯಿತು. ಒಂದೇ ಮನೆಯಲ್ಲಿ ವರ್ಷಗಳಿಂದ ಇದ್ದೇವೆ. ಆಸ್ಪತ್ರೆಯಲ್ಲಿ "ನೀವು ಏನಾಗಬೇಕು?" ಅಂದರು. ಸ್ನೇಹಿತ ಅಂದೆ. ಬೇರೇನು ಹೇಳಲಿ, ಸುತ್ತ ಅಷ್ಟು ಜನ. "ಸಂಬಂಧಿಕರನ್ನು ಕರೆಸಿ" ಅಂದರು. ಅವನ ಅಣ್ಣ ದೂರದ ಊರಿನಿಂದ ಬರುವವರೆಗೆ ನನ್ನನ್ನು ಐಸಿಯು ಬಾಗಿಲ ಹೊರಗೆ ನಿಲ್ಲಿಸಿದರು. ದುಡ್ಡು ಕಟ್ಟುವಾಗ ಮಾತ್ರ ಯಾರೂ ಸಂಬಂಧ ಕೇಳಲಿಲ್ಲ.

2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅನ್ನುವ 377ರ ತೀರ್ಪು ಬಂದಾಗ ಕುಣಿದಾಡಿದ್ದೆವು. ನಾವು ಅಪರಾಧಿಗಳಲ್ಲ ಅಂತ ಅವತ್ತು ಗೊತ್ತಾಯಿತು. ನಾವು ಯಾರು ಅಂತ ಮಾತ್ರ ಯಾವ ಅರ್ಜಿ ನಮೂನೆಯಲ್ಲೂ ಬಂದಿಲ್ಲ.

ಬೂದು_ಬೆಕ್ಕು · 13 ಆಗಸ್ಟ್

ದುಡ್ಡು ಕಟ್ಟುವಾಗ ಸಂಬಂಧ ಕೇಳಲಿಲ್ಲ ಅನ್ನುವ ಸಾಲು ಚುಚ್ಚಿತು.

ಸಾಮಾನ್ಯ_ನಾಗರಿಕ · 13 ಆಗಸ್ಟ್

ಇದು ಅನ್ಯಾಯ, ಒಪ್ಪುತ್ತೇನೆ. ಆದರೆ ಆಸ್ಪತ್ರೆಯವರಿಗೂ ನಾಳೆ ಕೇಸು ಬಿದ್ದರೆ ಅನ್ನುವ ಭಯ ಇರುತ್ತದಲ್ವಾ?

ಕಪ್ಪುಕೋಟು · 13 ಆಗಸ್ಟ್

ಇರುತ್ತದೆ. ಅದಕ್ಕೇ ಮೊದಲೇ ಕಾಗದ ಮಾಡಿಟ್ಟುಕೊಳ್ಳಿ ಅಂತ ನಾನು ಜೋಡಿಗಳಿಗೆ ಹೇಳುವುದು. ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಆ ಪ್ರಕರಣದ ನಂತರ ಕೇಂದ್ರ ಒಂದು ಸಮಿತಿ ಮಾಡಿತು. 2024ರ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೆಲವು ಸ್ಪಷ್ಟನೆ ಬಂದವು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿ ಇಲ್ಲ, ಸಂಗಾತಿಯನ್ನು ನಾಮಿನಿ ಮಾಡಬಹುದು. ಪಡಿತರ ಚೀಟಿಗೆ ಸಂಗಾತಿಗಳನ್ನು ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಪತ್ರ ಹೋಗಿದೆ. ಹತ್ತಿರದ ಸಂಬಂಧಿಕರು ಇಲ್ಲದಾಗ ಮೃತದೇಹವನ್ನು ಸಂಗಾತಿ ಪಡೆಯಬಹುದು ಅಂತ ಆರೋಗ್ಯ ಇಲಾಖೆ ಹೇಳಿದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇನ್ನೊಂದು ಬಾಗಿಲಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಯಾರನ್ನು ಬೇಕಾದರೂ ನಿಮ್ಮ ಪ್ರತಿನಿಧಿ ಮಾಡಬಹುದು, ಆ ವ್ಯಕ್ತಿ ವಯಸ್ಕರಾಗಿ ಒಪ್ಪಿರಬೇಕು. ಅದು ಮಾನಸಿಕ ಚಿಕಿತ್ಸೆಗೆ ಮಾತ್ರ. ಜೀವನದ ಕೊನೆಯ ಹಂತದ ಚಿಕಿತ್ಸೆಯ ಬಗ್ಗೆ ಮುಂಚಿತ ನಿರ್ದೇಶನ ಬರೆದಿಡುವುದಕ್ಕೆ ನಮ್ಮ ರಾಜ್ಯದಲ್ಲಿ 2025ರ ಜನವರಿಯಲ್ಲಿ ಸುತ್ತೋಲೆ ಬಂದಿದೆ. ಮಾಮೂಲಿ ಅಪಘಾತ, ಆಪರೇಷನ್ ಅಂದಾಗ ಮಾತ್ರ ಇನ್ನೂ ಖಾಲಿ ಜಾಗ.

ಕಡತದ_ಧೂಳು · 13 ಆಗಸ್ಟ್

ಪಡಿತರ ಚೀಟಿ ವಿಷಯ ನಿಜವೇ?! ನಮ್ಮ ಆಹಾರ ಶಾಖೆಯವರಿಗೆ ಕೇಳಿದರೆ ನಕ್ಕುಬಿಡುತ್ತಾರೆ. ಪತ್ರ ಹುಡುಕುತ್ತೇನೆ.

ರಾತ್ರಿ_ಪಾಳಿ · 13 ಆಗಸ್ಟ್

ಪತ್ರ ಸಿಕ್ಕಿದರೂ ನಾನು ಬಂದು ಕೇಳುತ್ತೇನೆ ಅಂತ ಅಂದುಕೊಳ್ಳಬೇಡಿ. ನಮ್ಮ ಪಡಿತರ ಅಂಗಡಿಯವರು ನಮ್ಮ ಮನೆ ಮಾಲೀಕರ ತಮ್ಮ.

ಬಿಳಿ_ಕೊಡೆ · 13 ಆಗಸ್ಟ್

ನಾನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಮ್ಮ ಕಡೆಯದನ್ನೂ ಕೇಳಿ. ತರಬೇತಿ ಕೊಟ್ಟಿದ್ದಾರೆ. ಪವರ್‌ಪಾಯಿಂಟ್ ತೋರಿಸಿ, ಚಹಾ ಬಿಸ್ಕತ್ತು ಕೊಟ್ಟು ಕಳಿಸಿದರು. ಅಲ್ಲಿ ಹೇಳಿದ್ದೆಲ್ಲ ಎಚ್‌ಐವಿ ಬಗ್ಗೆ. ಹಾಗಾಗಿ ಕೇಂದ್ರಕ್ಕೆ ಟ್ರಾನ್ಸ್ ಮಹಿಳೆ ಬಂದರೆ ನಮ್ಮವರ ತಲೆ ಮೊದಲು ಅಲ್ಲಿಗೇ ಓಡುತ್ತದೆ. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳಲು ಬಂದವರಿಗೂ "ರಕ್ತ ಪರೀಕ್ಷೆ ಮಾಡಿಸಿದ್ದೀರಾ?" ಅಂತ ಕೇಳುತ್ತಾರೆ.

ಮದುವೆಯಾಗದ ಹೆಣ್ಣುಮಕ್ಕಳು ಬಂದರೆ ಇನ್ನೊಂದು ಪ್ರಶ್ನಾವಳಿ. ಮದುವೆ ಆಗಿದೆಯಾ, ಯಾಕೆ ಆಗಿಲ್ಲ, ಮಕ್ಕಳು? ಇದರಲ್ಲಿ ಅರ್ಧ ನಮ್ಮ ಓಪಿಡಿ ಪುಸ್ತಕದ ಕಾಲಂ, ಅರ್ಧ ಕುತೂಹಲ. ಹೆಣ್ಣನ್ನೇ ಪ್ರೀತಿಸುವ ಹುಡುಗಿಯೊಬ್ಬಳು ಬಾಯಿಬಿಟ್ಟು ತನ್ನ ಕಷ್ಟ ಹೇಳಲು ಆ ಬೆಂಚಿನ ಮೇಲೆ ಜಾಗವೇ ಇಲ್ಲ, ಪಕ್ಕದಲ್ಲೇ ಅವಳ ದೊಡ್ಡಮ್ಮ ಕೂತಿರುತ್ತಾಳೆ.

ನಾನು ಮಾಡಿದ್ದು ಇಷ್ಟೇ. ಬಿಪಿ ನೋಡುವ ನೆಪದಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ಪರದೆ ಹಿಂದೆ ಕರೆಯುತ್ತೇನೆ. ಎಲ್ಲರನ್ನೂ ಕರೆಯುವುದರಿಂದ ಯಾರ ಮೇಲೂ ಕಣ್ಣು ಬೀಳುವುದಿಲ್ಲ. ಅಲ್ಲಿ ಜನ ಮಾತಾಡುತ್ತಾರೆ. ಗಂಡ ಹೊಡೆಯುತ್ತಾನೆ ಅನ್ನುವವರೂ ಅಲ್ಲೇ ಹೇಳಿದ್ದಾರೆ.

ತುಂಗೆಯ_ದಡ · 13 ಆಗಸ್ಟ್

ಎಲ್ಲರನ್ನೂ ಕರೆಯುವುದು. ಅಬ್ಬಾ, ಎಂಥ ಐಡಿಯಾ.

ಮಲ್ಲಿಗೆ_ಮೊಳ · 13 ಆಗಸ್ಟ್

ಜ್ವರ ಬಂದರೂ ಎಚ್‌ಐವಿ ಟೆಸ್ಟ್, ಕಾಲು ಉಳುಕಿದರೂ ಎಚ್‌ಐವಿ ಟೆಸ್ಟ್. ಇದು ನಮ್ಮಲ್ಲಿ ಹಳೇ ಜೋಕ್. ಆದರೂ ಒಂದು ಮಾತು ಹೇಳಬೇಕು. ಏಡ್ಸ್ ನಿಯಂತ್ರಣದ ಕೆಲಸದಲ್ಲಿ ನಮ್ಮವರನ್ನೇ ಪೀರ್ (ಸಮುದಾಯದೊಳಗಿನ ಕಾರ್ಯಕರ್ತೆ) ಆಗಿ ತೆಗೆದುಕೊಂಡರು, ಸ್ವಲ್ಪವಾದರೂ ಸಂಬಳ ಕೊಟ್ಟರು. ಅದಕ್ಕೇ ಅಲ್ಲಿ ಜನ ಬಂದರು. ಬೇರೆ ಇಲಾಖೆ ಹಾಗೆ ಮಾಡಿದ್ದು ನಾನು ನೋಡಿಲ್ಲ. ನಮ್ಮನ್ನು ಕರೆಯುವುದು ಭಾಷಣಕ್ಕೆ. ಶಾಲು, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಬಸ್ ಚಾರ್ಜೂ ಕೊಡುವುದಿಲ್ಲ. ನನ್ನ ಮನೆಯಲ್ಲಿ ಶಾಲುಗಳೇ ಒಂದು ಕಪಾಟು ತುಂಬಿವೆ.

ಕೋಡುಬಳೆ · 13 ಆಗಸ್ಟ್

ಬಸ್ ಚಾರ್ಜ್ ಯಾಕೆ, ಶಕ್ತಿ ಯೋಜನೆ ಇದೆಯಲ್ಲ? 😄

ಮಲ್ಲಿಗೆ_ಮೊಳ · 13 ಆಗಸ್ಟ್

ಇದೆ ಇದೆ. 2023ರ ಜೂನ್ 11ರಿಂದ ನಮಗೂ ಫ್ರೀ. ಮೊದಮೊದಲು ಕಂಡಕ್ಟರ್ ಆಧಾರ್ ನೋಡಿ, ಮುಖ ನೋಡಿ, "ಇದರಲ್ಲಿ ಮೇಲ್ ಅಂತ ಇದೆ, ದುಡ್ಡು ಕೊಡಿ" ಅನ್ನುತ್ತಿದ್ದರು. ಒಮ್ಮೆ ಪಕ್ಕದ ಅಜ್ಜಿಯೊಬ್ಬರು "ಸೀರೆ ಉಟ್ಟಿದ್ದಾಳೆ, ಕಣ್ಣು ಕಾಣಲ್ವಾ ನಿಂಗೆ?" ಅಂತ ಕಂಡಕ್ಟರ್‌ಗೇ ಬೈದರು. ಫ್ರೀ ಟಿಕೆಟ್ ಬಂತು. ಈಗ ನಮ್ಮ ರೂಟಿನ ಕಂಡಕ್ಟರುಗಳಿಗೆ ಅಭ್ಯಾಸ ಆಗಿದೆ, ಕೇಳುವುದೇ ಇಲ್ಲ. ದಿನಾ ನೋಡುತ್ತಾರಲ್ಲ.

ಹಳೇ_ಸೈಕಲ್ · 13 ಆಗಸ್ಟ್

ಅಜ್ಜಿಯರೇ ಈ ಚರ್ಚೆಯ ಹೀರೋಗಳು.

ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಯವರಿಗೇ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ನೋಡಿ ನಮ್ಮ ಊರಿನ ಎಷ್ಟೋ ಜನ ಕಣ್ಣೀರು ಹಾಕಿದ್ದರು. ಜಾನಪದ ಅಕಾಡೆಮಿ ಅಧ್ಯಕ್ಷರೂ ಆಗಿದ್ದರು. ಅಂದರೆ ಜನ ಬದಲಾಗಿದ್ದಾರೆ, ಅಲ್ವಾ?

ಮಲ್ಲಿಗೆ_ಮೊಳ · 13 ಆಗಸ್ಟ್

ಮಂಜಮ್ಮ ನಮ್ಮ ಹೆಮ್ಮೆ. ಆದರೆ ಅದೇ ಜನ ಹಬ್ಬದ ದಿನ ಜೋಗತಿಯ ಕಾಲಿಗೆ ಬಿದ್ದು, ಮರುದಿನ ಆಕೆಗೆ ಬಾಡಿಗೆಗೆ ಮನೆ ಕೊಡುವುದಿಲ್ಲ. ಮನೆ ಇಲ್ಲದಿದ್ದರೆ ವಿಳಾಸ ಇಲ್ಲ. ವಿಳಾಸ ಇಲ್ಲದಿದ್ದರೆ ನಮ್ಮ ಕಡತದ ಸಾಹೇಬರ ಕೌಂಟರಿನಲ್ಲಿ ಏನೂ ಇಲ್ಲ.

ಕಡತದ_ಧೂಳು · 13 ಆಗಸ್ಟ್

ನಾನು ಸಾಹೇಬ ಅಲ್ಲ ಮಾರಾಯ್ತಿ. ಆದರೆ ವಿಳಾಸದ ಮಾತು ನಿಜ. ಮನೆ ಬಿಟ್ಟು ಬಂದವರ ದಾಖಲೆ ಹುಟ್ಟೂರಿನಲ್ಲಿ. ಅಲ್ಲಿಗೆ ಹೋಗಿ ಕೇಳಿದರೆ ಊರಿಗೇ ಗೊತ್ತಾಗುತ್ತದೆ. ಇಲ್ಲಿ ಬಾಡಿಗೆ ಕರಾರು ಪತ್ರ ಮಾಡಿಕೊಡುವವರಿಲ್ಲ. ಶಿಬಿರಕ್ಕೆ ಬಂದವರಲ್ಲಿ ಇಂಥವರೇ ಜಾಸ್ತಿ ಇದ್ದರು.

ಲಾಠಿ_ಇಲ್ಲದವ · 13 ಆಗಸ್ಟ್

ಪೊಲೀಸ್ ಇಲಾಖೆಯವನು. ನಮ್ಮನ್ನು ಬೈಯುವ ಮೊದಲು ನಾನೇ ಬಂದೆ.

ನಮಗೆ ಬರುವ ದೊಡ್ಡ ತಲೆನೋವು ಮಿಸ್ಸಿಂಗ್ ಕಂಪ್ಲೇಂಟ್. ಇಬ್ಬರು ಹುಡುಗಿಯರು ಮನೆ ಬಿಟ್ಟು ಹೋದರು ಅಂತ ಅಪ್ಪ ಅಮ್ಮ ಬರುತ್ತಾರೆ. ಜೊತೆಗೆ ಊರಿನ ಹತ್ತು ಜನ. ಇಬ್ಬರೂ ವಯಸ್ಕರು. ಪತ್ತೆ ಹಚ್ಚಿ ಹೇಳಿಕೆ ತಗೊಂಡು ಬಿಟ್ಟರೆ ಕೆಲಸ ಮುಗಿಯಿತು. ಆದರೆ ಸ್ಟೇಷನ್ ಮುಂದೆ ಜನ ಸೇರಿದಾಗ ಮೇಲಿನಿಂದ ಫೋನ್ ಬರುತ್ತದೆ, "ಬುದ್ಧಿ ಹೇಳಿ ಮನೆಗೆ ಕಳಿಸಿ". ಕಳಿಸಿದರೆ ಆ ಹುಡುಗಿಯ ಗತಿ ಏನು ಅಂತ ನಮಗೂ ಗೊತ್ತು.

ಕಪ್ಪುಕೋಟು · 13 ಆಗಸ್ಟ್

ಮದ್ರಾಸ್ ಹೈಕೋರ್ಟ್ 2021ರಲ್ಲೇ ಹೇಳಿದೆ. ಇಂಥ ಮಿಸ್ಸಿಂಗ್ ಪ್ರಕರಣದಲ್ಲಿ ಒಪ್ಪಿ ಹೋದ ವಯಸ್ಕರು ಅಂತ ಗೊತ್ತಾದ ಮೇಲೆ ಹೇಳಿಕೆ ಪಡೆದು ಮುಕ್ತಾಯ ಮಾಡಿ, ಕಿರುಕುಳ ಕೊಡಬೇಡಿ ಅಂತ. 2025ರ ಮೇ ತಿಂಗಳಲ್ಲೂ ಅದೇ ಕೋರ್ಟ್ 25 ವರ್ಷದ ಯುವತಿಯೊಬ್ಬಳನ್ನು ಆಕೆಯ ಇಷ್ಟದಂತೆ ಸಂಗಾತಿಯ ಜೊತೆ ಹೋಗಲು ಬಿಟ್ಟು, ಪೊಲೀಸರ ನಡವಳಿಕೆಯನ್ನು ಟೀಕಿಸಿತು.

ಲಾಠಿ_ಇಲ್ಲದವ · 13 ಆಗಸ್ಟ್

ಮದ್ರಾಸ್ ಆದೇಶ ನಮಗೆ ಅನ್ವಯ ಆಗುತ್ತದಾ?

ಕಪ್ಪುಕೋಟು · 13 ಆಗಸ್ಟ್

ನೇರವಾಗಿ ಕಟ್ಟುಪಾಡಲ್ಲ. ಆದರೆ ವಯಸ್ಕ ವ್ಯಕ್ತಿ ಎಲ್ಲಿ, ಯಾರ ಜೊತೆ ಇರಬೇಕು ಅನ್ನುವುದು ಆಕೆಯ ಆಯ್ಕೆ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಬಾರಿ ಹೇಳಿದೆ, ಅದು ನಿಮಗೂ ಅನ್ವಯ.

ಜವಾರಿ_ಕೋಳಿ · 13 ಆಗಸ್ಟ್

ಪೊಲೀಸರ ಮಾತು ಬಂತಲ್ಲ, ಇದನ್ನೂ ನೆನಪಿಡಿ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಸೆಕ್ಷನ್ ಸೇರಿಸಿದ್ದರು. ಹಿಜ್ರಾಗಳ ರಿಜಿಸ್ಟರ್ ಇಡುವ, ಅವರ ಓಡಾಟಕ್ಕೆ ಕಡಿವಾಣ ಹಾಕುವ ಅಧಿಕಾರ. ಬ್ರಿಟಿಷರ ಕಾಲದ ಬುದ್ಧಿ, 2011ರಲ್ಲಿ! ಸಮುದಾಯದವರು ಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಪದ ತೆಗೆದು 'ವ್ಯಕ್ತಿಗಳು' ಅಂತ ಮಾಡಿದರು. ನಿನ್ನೆ ಮೊನ್ನೆಯವರೆಗೆ ಕಳ್ಳರ ಪಟ್ಟಿಯಲ್ಲಿ ಬರೆಯುತ್ತಿದ್ದವರು ಇವತ್ತು "ಬನ್ನಿ, ಹೆಸರು ಬರೆಸಿ" ಅಂದರೆ ಜನ ಓಡಿ ಬರುತ್ತಾರಾ?

ಸಾಮಾನ್ಯ_ನಾಗರಿಕ · 13 ಆಗಸ್ಟ್

ಇದು ನನಗೆ ಹೊಸದು. ಆದರೆ ಸಿಗ್ನಲ್‌ನಲ್ಲಿ ಬಲವಂತವಾಗಿ ದುಡ್ಡು ಕೇಳುವುದು, ಹೊಸ ಮನೆ ಗೃಹಪ್ರವೇಶಕ್ಕೆ ಬಂದು ಸಾವಿರಾರು ಕೇಳುವುದು, ಅದರ ಬಗ್ಗೆಯೂ ಮಾತಾಡಬೇಕಲ್ವಾ? ಜನರಿಗೆ ಬೇಸರ ಬರುವುದು ಅಲ್ಲಿಂದ.

ಜವಾರಿ_ಕೋಳಿ · 13 ಆಗಸ್ಟ್

ಬಂತಪ್ಪ ಸಿಗ್ನಲ್! ಇನ್ನೂ ಬಂದಿಲ್ಲವಲ್ಲ ಅಂದುಕೊಂಡೆ.

ಮಲ್ಲಿಗೆ_ಮೊಳ · 13 ಆಗಸ್ಟ್

ಬಲವಂತ ತಪ್ಪು. ನಾನೂ ಒಪ್ಪುವುದಿಲ್ಲ. ನಾನು ಕೆಲಸ ಕೇಳಿಕೊಂಡು ಬಾಗಿಲು ಬಾಗಿಲು ಸುತ್ತಿದವಳು. ಪಿಯುಸಿ ಓದಿದ್ದೇನೆ, ಟೈಪಿಂಗ್ ಬರುತ್ತದೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಮೈಮೇಲೆ ಇನ್ನೊಂದು ಬಟ್ಟೆ. ಸಂದರ್ಶನ ಅಲ್ಲಿಗೇ ಮುಗಿಯುತ್ತಿತ್ತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ. 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಆ ಹುದ್ದೆಗೆ ಅರ್ಜಿ ಹಾಕಲು ಬೇಕಾದ ಕಾಗದ ಸರಿ ಮಾಡಿಸಲು ಕಚೇರಿಗೆ ಹೋದರೆ ಏನಾಗುತ್ತದೆ ಅಂತ ಮೇಲೆ ಓದಿದಿರಲ್ಲ. ಸಿಗ್ನಲ್ ಬೇಡ ಅನ್ನುವವರಿಗೆ ಈ ಕೌಂಟರ್ ಬೇಕೇ ಬೇಕು.

ಸಾಮಾನ್ಯ_ನಾಗರಿಕ · 13 ಆಗಸ್ಟ್

ಸರಿ. ಟೈಪಿಂಗ್ ಬರುವವರನ್ನು ಆ ಕೌಂಟರಿನಲ್ಲೇ ಕೂರಿಸಬಹುದಲ್ಲ ಹಾಗಾದರೆ? ಹೊರಗುತ್ತಿಗೆ ಹೇಗೂ ಇದೆಯಂತಲ್ಲ.

ತುಂಗೆಯ_ದಡ · 13 ಆಗಸ್ಟ್

ಇಡೀ ಚರ್ಚೆಯಲ್ಲಿ ಒಳ್ಳೆಯ ಸಲಹೆ ಇವರಿಂದ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ನಿವೃತ್ತ_ಬಿಡಿಒ · 14 ಆಗಸ್ಟ್

ನಾನು ಸೇವೆಯಲ್ಲಿದ್ದಾಗ ಒಂದು ತಾಲೂಕಿನಲ್ಲಿ ಇದೇ ರೀತಿ ಪ್ರಯತ್ನ ಮಾಡಿದ್ದೆವು. ಶಿಬಿರ ಬಿಟ್ಟು, ಸಮುದಾಯದ ಒಬ್ಬ ಹಿರಿಯರ ಮನೆಗೆ ನಾವೇ ಹೋದೆವು. ಮೊದಲ ಭೇಟಿಯಲ್ಲಿ ಚಹಾ ಕುಡಿದು ಬಂದೆವು, ಅಷ್ಟೇ. ನಂಬಿಕೆ ಬರಲು ತಿಂಗಳುಗಳೇ ಹಿಡಿದವು. ಆಮೇಲೆ ಅರ್ಜಿಗಳು ತಾವಾಗಿಯೇ ಬಂದವು. ಅಷ್ಟರಲ್ಲಿ ನನಗೆ ವರ್ಗಾವಣೆ ಆಯಿತು. ನನ್ನ ಜಾಗಕ್ಕೆ ಬಂದವರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ಮೊದಲಿನಂತೆ.

ನನ್ನ ಪ್ರಕಾರ ದೊಡ್ಡ ರೋಗ ಇದೇ. ನಮ್ಮಲ್ಲಿ ಒಳ್ಳೆಯ ಕೆಲಸ ಒಳ್ಳೆಯ ಅಧಿಕಾರಿಯ ಜೊತೆಗೇ ವರ್ಗವಾಗಿ ಹೋಗುತ್ತದೆ. ಅದಕ್ಕೇ ವರ್ಗಾವಣೆ ಆಗದ ಸ್ಥಳೀಯ ಸಿಬ್ಬಂದಿಯೊಬ್ಬರ ಹೆಸರಿಗೆ ಆ ಜವಾಬ್ದಾರಿಯನ್ನು ಲಿಖಿತವಾಗಿ ಕೊಡಿ. 2019ರ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು. ಆ ಬೋರ್ಡನ್ನು ಎಷ್ಟು ಕಚೇರಿಯಲ್ಲಿ ನೋಡಿದ್ದೀರಿ?

ಬಿಳಿ_ಕೊಡೆ · 14 ಆಗಸ್ಟ್

ನಮ್ಮಲ್ಲಿ ಇಲ್ಲ. ಹಾವು ಕಡಿದರೆ ಏನು ಮಾಡಬೇಕು ಅನ್ನುವ ಬೋರ್ಡ್ ಇದೆ.

ರಾತ್ರಿ_ಪಾಳಿ · 14 ಆಗಸ್ಟ್

ಬೋರ್ಡ್ ಮಾತು ಬಂದದ್ದಕ್ಕೆ. ಪ್ರೈಡ್ ತಿಂಗಳಲ್ಲಿ ಕಾಮನಬಿಲ್ಲಿನ ಪೋಸ್ಟರ್ ಹಾಕಿದ ಕಡೆ ನನಗೆ ನಂಬಿಕೆ ಬರುವುದಿಲ್ಲ. "ನಿಮ್ಮ ಜೊತೆ ಬಂದವರು" ಅಂತ ಒಂದು ಕಾಲಂ ಇದ್ದು, ಸಂಬಂಧ ಏನು ಅಂತ ಕೇಳದೆ ಫೋನ್ ನಂಬರ್ ಮಾತ್ರ ಬರೆಸಿಕೊಂಡರೆ ನಂಬುತ್ತೇನೆ.

ಬೂದು_ಬೆಕ್ಕು · 14 ಆಗಸ್ಟ್

ರಕ್ತದಾನದ ನಮೂನೆ ಬಗ್ಗೆ ಯಾರೂ ಹೇಳಲಿಲ್ಲ. 2017ರ ಮಾರ್ಗಸೂಚಿ ಪ್ರಕಾರ ಟ್ರಾನ್ಸ್ ವ್ಯಕ್ತಿಗಳು, ಗೇ ಪುರುಷರು ರಕ್ತ ಕೊಡುವಂತೆಯೇ ಇಲ್ಲ. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ. ಅಪಘಾತ ಆದ ಸಂಗಾತಿಗೆ ರಕ್ತ ಕೊಡಲೂ ಸುಳ್ಳು ಹೇಳಬೇಕು.

ಜವಾರಿ_ಕೋಳಿ · 14 ಆಗಸ್ಟ್

ಇದು ಬೇರೆಯೇ ಚರ್ಚೆ, ಇನ್ನೊಂದು ಎಳೆ ಶುರು ಮಾಡಿ. ಅಲ್ಲಿ ಜಗಳಕ್ಕೆ ನಾನೂ ಬರುತ್ತೇನೆ.

ಕಡತದ_ಧೂಳು · 14 ಆಗಸ್ಟ್

ಎಲ್ಲರ ಮಾತು ಓದಿದೆ. ಇವತ್ತು ಮೇಲಿನವರ ಹತ್ತಿರ ಮಾತಾಡಿದೆ. ಶಾಮಿಯಾನ ಬೇಡ, ಮೈಕ್ ಬೇಡ ಅಂದೆ. ಮಾಮೂಲಿ ಕೌಂಟರಿನಲ್ಲೇ, ಮಾಮೂಲಿ ದಿನ, ಎಲ್ಲರಿಗೂ ಟೋಕನ್ ನಂಬರ್ ಕೊಟ್ಟು ನಂಬರಿನಿಂದ ಕರೆಯೋಣ ಅಂದೆ. ಅದಕ್ಕೆ ಒಪ್ಪಿದರು. ಟೋಕನ್ ಯಂತ್ರ ಹೇಗೂ ಕೆಟ್ಟು ಮೂಲೆಯಲ್ಲಿದೆ, ರಿಪೇರಿ ಆದರೆ ಎಲ್ಲರಿಗೂ ಅನುಕೂಲ. ಸಮುದಾಯದ ಒಬ್ಬರನ್ನು ಗೌರವಧನ ಕೊಟ್ಟು ಕೂರಿಸುವ ಪ್ರಸ್ತಾವ ಬರೆದು ಕೊಡು ಅಂದರು. ಬರೆಯುತ್ತಿದ್ದೇನೆ.

ಫೋಟೋ ವಿಷಯದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ. ಫೋಟೋ ಇಲ್ಲದಿದ್ದರೆ ಖರ್ಚಿನ ಬಿಲ್ ಪಾಸ್ ಆಗುವುದಿಲ್ಲವಂತೆ. ಬ್ಯಾನರ್ ಕಾಣುವ ಹಾಗೆ, ಫಲಾನುಭವಿಗಳು ಕಾಣುವ ಹಾಗೆ ಇರಬೇಕಂತೆ.

ಜವಾರಿ_ಕೋಳಿ · 14 ಆಗಸ್ಟ್

ಶಾಮಿಯಾನ ಇಲ್ಲ, ಊಟ ಇಲ್ಲ ಅಂದಮೇಲೆ ಯಾವ ಖರ್ಚಿಗೆ ಬಿಲ್?

ಕಡತದ_ಧೂಳು · 14 ಆಗಸ್ಟ್

ಅನುದಾನ ಬಂದಿದೆ. ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತದೆ. ವಾಪಸ್ ಹೋದರೆ ಮುಂದಿನ ವರ್ಷ ಬರುವುದಿಲ್ಲ. ಇದು ನಿಮಗೆ ಅರ್ಥ ಆಗುವುದಿಲ್ಲ ಬಿಡಿ.

ನಿವೃತ್ತ_ಬಿಡಿಒ · 14 ಆಗಸ್ಟ್

ಚೆನ್ನಾಗಿ ಅರ್ಥ ಆಗುತ್ತದೆ. ಆ ಹಣವನ್ನೇ ಗೌರವಧನದ ಬಾಬ್ತಿಗೆ ಬದಲಾಯಿಸಲು ಅನುಮತಿ ಕೇಳಿ ಪತ್ರ ಬರೆಯಿರಿ. ಸ್ವೀಕೃತಿ ರಿಜಿಸ್ಟರ್‌ನಲ್ಲಿ ಅರ್ಜಿ ಸಂಖ್ಯೆ ಇರುತ್ತದೆ, ಅದನ್ನೇ ಪುರಾವೆ ಅಂತ ಲಗತ್ತಿಸಿ. ಆಡಿಟ್‌ನವರು ಆಕ್ಷೇಪಿಸಿದರೆ ಖಾಸಗಿತನ ಮೂಲಭೂತ ಹಕ್ಕು ಅನ್ನುವ 2017ರ ತೀರ್ಪನ್ನು ಟಿಪ್ಪಣಿಯಲ್ಲಿ ಒಂದು ಸಾಲು ಹಾಕಿ.

ಕಪ್ಪುಕೋಟು · 14 ಆಗಸ್ಟ್

ಆ ಟಿಪ್ಪಣಿ ನಾನು ಬರೆದುಕೊಡುತ್ತೇನೆ. ಫೀಸ್ ಇಲ್ಲ, ಶಾಲೂ ಬೇಡ.

ಮಲ್ಲಿಗೆ_ಮೊಳ · 14 ಆಗಸ್ಟ್

ಶಾಲು ಬೇಕಾದರೆ ನನ್ನ ಹತ್ತಿರ ಇದೆ ಮೇಡಂ, ಎಷ್ಟು ಬೇಕು?

ಕಡತದವರೇ, ಟೋಕನ್ ಯಂತ್ರ ರಿಪೇರಿ ಆದ ದಿನ ಇಲ್ಲಿ ಬರೆಯಿರಿ. ಯಾವ ಜಿಲ್ಲೆ ಅಂತ ಮಾತ್ರ ಹೇಳಿ ಸಾಕು. ನಮ್ಮವರು ಎಲ್ಲ ಕಡೆ ಇದ್ದಾರೆ, ಮೊದಲು ಒಬ್ಬಳು ಬಂದು ನೋಡಿಕೊಂಡು ಹೋಗುತ್ತಾಳೆ. ಅವಳು ಹೇಳಿದ ಮೇಲೆ ಉಳಿದವರು.

ಸಾಮಾನ್ಯ_ನಾಗರಿಕ · 15 ಆಗಸ್ಟ್

ನಿಮ್ಮ ಕಚೇರಿಯಲ್ಲಿ ಖಾತಾ ಬದಲಾವಣೆ ಎಷ್ಟು ದಿನಕ್ಕೆ ಆಗುತ್ತದೆ?

ಕಡತದ_ಧೂಳು · 15 ಆಗಸ್ಟ್

ಟೋಕನ್ ತಗೊಂಡು ಕೂತ್ಕೊಳ್ಳಿ ಸಾರ್.